ಛಡಿ ಬಿಟ್ಟು ನಾನು ಹಿಡಿದ ಶಿಕ್ಷೆ

ಮೂರನೆಯ ಇಯತ್ತೆಯನ್ನು ನನ್ನ ಕೈಗೆ ಕೊಟ್ಟ ದಿನವೇ ನಾನು ಛಡಿಯನ್ನು, ಹೊಡೆಯುವ ಬೆತ್ತವನ್ನು, ಕಪಾಟಿನ ಮೇಲಕ್ಕೆ ಎಸೆದೆ. ಸುಮ್ಮನೆ ಎಸೆಯಲಿಲ್ಲ, ತರಗತಿಯ ಅಷ್ಟೂ ಹುಡುಗಿಯರು ನೋಡುವಂತೆ, ಸದ್ದಾಗುವಂತೆ ಎಸೆದೆ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಹುಬ್ಬಳ್ಳಿಗೆ ಬಂದು ಆರು ತಿಂಗಳಾಗಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಹುರುಪು. ನಮ್ಮ ದೊಡ್ಡ ಅಕ್ಕಾರು, ಎಂದರೆ ಶಾಲೆಯ ಮುಖ್ಯ ಶಿಕ್ಷಕಿ, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದು ನಕ್ಕು ಹೋದರು.

ಶಾಲೆ ದುರ್ಗದಬೈಲಿನ ಹಿಂದೆ ಒಂದು ಹಳೆಯ ಬಾಡಿಗೆ ವಾಡೆಯಲ್ಲಿತ್ತು. ಆಗಿನ್ನೂ ನಾವು ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿದವರು. ಅರಳೆ ವ್ಯಾಪಾರಿಗಳ ಮಕ್ಕಳು, ಎಣ್ಣೆ ಅಂಗಡಿಯವರ ಮಕ್ಕಳು, ಅರಳೆ ಬಡಿದು ಗಾದಿ ಹೊಲಿಯುವ ಪಿಂಜಾರರ ಓಣಿಯ ಮಕ್ಕಳು, ಎಲ್ಲರೂ ತಮ್ಮ ತಮ್ಮ ಗೋಣಿತಟ್ಟು ತಂದು ಹಾಸಿಕೊಂಡು ಕೂಡುತ್ತಿದ್ದರು. ಪಾಠಕ್ಕಿಂತ ಜಗಳ ಹೆಚ್ಚು. ಬಳಪ ಮುರಿದದ್ದಕ್ಕೆ, ತಟ್ಟು ತುಳಿದದ್ದಕ್ಕೆ, ಒಬ್ಬಳು ಇನ್ನೊಬ್ಬಳ ತಾಯಿಯನ್ನು ಅಂದದ್ದಕ್ಕೆ. ಹೊಡೆಯದೆ ಇವರ ಸಿಟ್ಟನ್ನು ತಿದ್ದಬೇಕು, ಒಬ್ಬರ ಜೊತೆ ಒಬ್ಬರು ಬಾಳುವುದನ್ನು ಕಲಿಸಬೇಕು ಎಂಬುದು ನನ್ನ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅಷ್ಟಾದರೂ ಸಮಾಧಾನ ಇರಲಿ ಎಂದು.

ನಾನು ಹುಡುಕಿಕೊಂಡ ದಾರಿ ನಮ್ಮ ಮನೆಯಲ್ಲೇ ಸಿಕ್ಕಿದ್ದು. ನಮ್ಮ ತಂದೆ ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು. ಒಂದು ದಿನ, ಎರಡು ದಿನ, ಕೆಲವೊಮ್ಮೆ ವಾರ. ನಾವು ಹೋಗಿ ಕಾಲು ಹಿಡಿದರೆ ಮುಗಿಯಿತು. ನಾನು ಒಳ್ಳೆಯವಳಾಗಿ ಬೆಳೆದದ್ದು ಹಾಗೆಯೇ ಎಂದು ನಂಬಿದ್ದೆ. ಮೇಲಾಗಿ ಊರಲ್ಲೆಲ್ಲ ಅಹಿಂಸೆ, ಬಹಿಷ್ಕಾರ ಇವೇ ಮಾತು. ವಿಲಾಯತಿ ಬಟ್ಟೆ ಮಾರುವವರ ಅಂಗಡಿಯ ಮುಂದೆ ಜನ ಸುಮ್ಮನೆ ನಿಂತು ಅವರನ್ನು ಸೋಲಿಸುತ್ತಿದ್ದರು. ಒಂದು ಏಟೂ ಇಲ್ಲ, ಬೈಗಳೂ ಇಲ್ಲ. ಅದನ್ನೇ ತರಗತಿಗೆ ತಂದೆ. ಹೆಸರೂ ಇಟ್ಟೆ: ಅಹಿಂಸೆಯ ಶಿಕ್ಷೆ.

ಅದರ ಕ್ರಮ ಹೀಗಿತ್ತು. ಜಗಳ ಬಂದರೆ ನಾನು ವಿಚಾರಿಸುತ್ತಿರಲಿಲ್ಲ, ವಿಚಾರಣೆ ತರಗತಿಯದು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ, ತಪ್ಪು ಇವಳದೆನ್ನುವವರು ಕೈ ಎತ್ತಿರಿ, ಅವಳದೆನ್ನುವವರು ಕೈ ಎತ್ತಿರಿ ಎನ್ನುತ್ತಿದ್ದೆ. ಯಾರ ವಿರುದ್ಧ ಹೆಚ್ಚು ಕೈ ಎದ್ದವೋ ಅವಳು ತಪ್ಪಿತಸ್ಥೆ. ಅವಳು ತನ್ನ ತಟ್ಟನ್ನು ಎತ್ತಿಕೊಂಡು ಹೋಗಿ ಪಡಸಾಲೆಯ ಕಡೆಯ ಗೋಡೆಯ ಬುಡಕ್ಕೆ, ಉಳಿದವರಿಂದ ಒಂದು ಮಾರು ದೂರ, ಕೂಡಬೇಕು. ಕರಿಹಲಗೆಯ ಮೂಲೆಯಲ್ಲಿ ಅವಳ ಹೆಸರು ಬರೆದು ಸುತ್ತ ಗೆರೆ ಎಳೆಯುತ್ತಿದ್ದೆ. ಅವಳ ಜೊತೆ ಯಾರೂ ಮಾತಾಡುವ ಹಾಗಿಲ್ಲ. ಅವಳ ವಿಷಯವಾಗಿಯೂ ಮಾತಾಡುವ ಹಾಗಿಲ್ಲ. ಚಾಡಿ ನಿಲ್ಲಲಿ ಎಂದು ಇದನ್ನು ಆಮೇಲೆ ಸೇರಿಸಿದ್ದೆ. ಅವಳೂ ಬಾಯಿ ತೆರೆಯುವ ಹಾಗಿಲ್ಲ, ಲೆಕ್ಕದ ಉತ್ತರವನ್ನೂ ಪಾಟಿಯ ಮೇಲೆ ಬರೆದು ತೋರಿಸಬೇಕು. ತಾನಾಗಿ ಎದ್ದು ಬಂದು ಎಲ್ಲರೆದುರು “ನನ್ನದು ತಪ್ಪಾಯಿತು” ಎಂದರೆ, ಇಡೀ ತರಗತಿ ಒಂದೇ ದನಿಯಲ್ಲಿ “ಬಾರವ್ವ” ಎನ್ನಬೇಕು. ಆಗ ಅವಳು ತಟ್ಟು ತಂದು ಒಳಗೆ ಹಾಸಬಹುದು. ಆ “ಬಾರವ್ವ” ಕೇಳುವಾಗ ನನಗೆ ಕಣ್ಣು ಒದ್ದೆಯಾಗುತ್ತಿತ್ತು. ನನ್ನ ಒಳ್ಳೆಯತನಕ್ಕೆ ನಾನೇ ಕರಗುತ್ತಿದ್ದೆ ಎಂದು ಈಗ ಹೇಳಲು ಸಂಕೋಚವಿಲ್ಲ.

ಮೊದಲ ಎರಡು ತಿಂಗಳು ಇದು ಹೇಗೆ ನಡೆಯಿತೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲದಾಯಿತು. ಅರ್ಧ ದಿನಕ್ಕಿಂತ ಹೆಚ್ಚು ಯಾವ ಹುಡುಗಿಯೂ ತಾಳಿಕೊಳ್ಳಲಿಲ್ಲ. ಎಣ್ಣೆ ಅಂಗಡಿಯವರ ಜಗಳಗಂಟಿ ಮಗಳು ಮಧ್ಯಾಹ್ನದ ಬಿಡುವಿಗೆ ಮುಂಚೆಯೇ ಅತ್ತು ಶರಣಾದಳು. ಜಗಳ ಕಡಿಮೆಯಾಯಿತು. ಬೇರೆ ಇಯತ್ತೆಯ ಅಕ್ಕಾರುಗಳು ಬಾಗಿಲಲ್ಲಿ ನಿಂತು ನೋಡಿ ಹೋದರು. ರವಿವಾರ ಮಕ್ಕಳ ಮನೆಗಳಿಗೂ ಹೋಗತೊಡಗಿದೆ. ಹೊಡೆಯಬೇಡಿರಿ, ಮಾತು ಬಿಡಿರಿ, ತಾನೇ ದಾರಿಗೆ ಬರುತ್ತದೆ ಎಂದು ತಾಯಂದಿರಿಗೆ ಹೇಳುತ್ತಿದ್ದೆ. ಕಲಿತ ಹೆಂಗಸು ಮನೆಯ ಬಾಗಿಲಿಗೆ ಬಂದಳಲ್ಲ ಎಂದು ಅವರು ಸೆರಗು ಹೊದ್ದು ಕೇಳುತ್ತಿದ್ದರು.

ಆಗ ಒಬ್ಬ ಹುಡುಗಿಯ ಸರದಿ ಬಂತು. ಪಿಂಜಾರ ಓಣಿಯವಳು, ಒಂಬತ್ತು ವರ್ಷ ಇರಬಹುದು. ತಲೆಗೂದಲಲ್ಲಿ ಯಾವಾಗಲೂ ಅರಳೆಯ ಎಳೆ. ಮನಸ್ಸಿನಲ್ಲೇ ಲೆಕ್ಕ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಂದು ಮಧ್ಯಾಹ್ನ ನೀರಿನ ಹಂಡೆಯ ಹತ್ತಿರ ಅರಳೆ ವ್ಯಾಪಾರಿಯ ಮಗಳಿಗೆ ಹೊಡೆದಳು. ತುಟಿ ಒಡೆದು ರಕ್ತ ಬಂತು. ನಾನು ಎಂದಿನಂತೆ ಇಬ್ಬರನ್ನೂ ನಿಲ್ಲಿಸಿ ಕೇಳಿದೆ. ಮೂರೋ ನಾಲ್ಕೋ ಹುಡುಗಿಯರನ್ನು ಬಿಟ್ಟು ಎಲ್ಲರ ಕೈಯೂ ಹೊಡೆದವಳ ವಿರುದ್ಧ ಎದ್ದಿತು. ವ್ಯಾಪಾರಿಯ ಮಗಳ ಜೊತೆ ಎಲ್ಲರಿಗೂ ಸ್ನೇಹ ಬೇಕು, ದಿನಾ ಶೇಂಗಾ ಚಿಕ್ಕಿ ತಂದು ಹಂಚುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಕೈ ಎಣಿಸಿದೆ.

“ಅಕ್ಕಾರ, ಆಕಿ ಏನ ಮಾಡಿದ್ಲಂದ್ರ…” ಎಂದು ಪಿಂಜಾರ ಓಣಿಯವಳು ಬಾಯಿ ತೆರೆದಳು. ವಿಚಾರ ಮುಗಿಯಿತು, ಹೋಗಿ ಕೂಡು ಎಂದೆ. ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ತಟ್ಟು ಎತ್ತಿಕೊಂಡು ಗೋಡೆಯ ಬುಡಕ್ಕೆ ಹೋದಳು.

ಆ ದಿನ ತಪ್ಪಾಯಿತು ಎನ್ನಲು ಎದ್ದು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ನನಗೆ ಹಟ ಹುಟ್ಟಿತು. ಶಾಲೆ ಬಿಟ್ಟ ಮೇಲೆ ನೇರ ಅವಳ ಮನೆಗೇ ಹೋದೆ. ತಂದೆ ಅರಳೆ ಬಡಿಯುವ ಬಿಲ್ಲು ಹೆಗಲಿಗೇರಿಸಿ ಹಳ್ಳಿಗಳ ಕಡೆ ಹೋಗಿದ್ದರು. ತಾಯಿ ಅಂಗಳದಲ್ಲಿ ಗಾದಿ ಹೊಲಿಯುತ್ತಿದ್ದಳು. ನಾನು ವಿಷಯ ಹೇಳಿದೆ. ಮನೆಯಲ್ಲಿ ಮಾತು ಸಿಗುತ್ತದೆ, ಅದಕ್ಕೇ ಇವಳಿಗೆ ಶಾಲೆಯ ಶಿಕ್ಷೆ ತಾಗುತ್ತಿಲ್ಲ, ಮನೆಯಲ್ಲೂ ಎಲ್ಲರೂ ಮಾತು ಬಿಡಿರಿ, ಎರಡೇ ದಿನದಲ್ಲಿ ಬಗ್ಗುತ್ತಾಳೆ ಎಂದೆ. ತಾಯಿ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳಿದಳು:

“ಊಟಕ್ಕೂ ಕರೀಬಾರದೇನ್ರಿ ಅಕ್ಕಾರ?”

“ತಾಟು ಮುಂದ ಇಡ್ರಿ. ಕರೀಬ್ಯಾಡ್ರಿ,” ಎಂದೆ.

ಇಷ್ಟು ಸ್ಪಷ್ಟವಾಗಿ ಹೇಳಿದೆನಲ್ಲ ಎಂದು ಹಾದಿಯುದ್ದಕ್ಕೂ ನನಗೆ ಹೆಮ್ಮೆ. ಈ ಒಂದು ಮಾತನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಬರೆಯುವಾಗಲೂ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಐದನೆಯ ದಿನದ ಹೊತ್ತಿಗೆ ಹುಡುಗಿ ಬದಲಾದಳು. ಮೊದಲು ಗೋಡೆಯ ಬುಡದಿಂದ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದವಳು ಈಗ ಪಾಟಿಯಿಂದ ತಲೆ ಎತ್ತಲಿಲ್ಲ. ಯಾರಾದರೂ ತಟ್ಟು ತುಳಿದರೂ ಸುಮ್ಮನೆ ಸರಿದು ಕೂತಳು. ಲೆಕ್ಕ ಮಾತ್ರ ತಪ್ಪಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು “ಸಿಟ್ಟು ಶಮನವಾಗಿದೆ, ಕ್ಷಮೆ ಮಾತ್ರ ಬಾಕಿ” ಎಂದು ಬರೆದುಕೊಂಡೆ.

ಏಳನೆಯ ದಿನ ಅರಳೆ ವ್ಯಾಪಾರಿಯ ಮಗಳೇ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ತುಟಿಯ ಗಾಯ ಒಣಗಿತ್ತು. ತೊಟ್ಟ ಪರಕಾರದ ಅಂಚನ್ನು ಹಿಂಡುತ್ತ, ಇನ್ನು ಸಾಕು ಮಾಡಿರಿ ಎಂದು ಮೆಲ್ಲಗೆ ಕೇಳಿದಳು. ಮಾತಾಡಬಾರದ ವಿಷಯ ಮಾತಾಡಿದ್ದೀಯಲ್ಲ, ನೀನೂ ಗೋಡೆಯ ಬುಡಕ್ಕೆ ಹೋಗುತ್ತೀಯಾ ಎಂದು ಕೇಳಿದೆ. ಅವಳು ಹೆದರಿ ಹೋಗಿ ಕೂತಳು. ಇಡೀ ತರಗತಿ ಅದನ್ನು ಕೇಳಿಸಿಕೊಂಡಿತು. ನನಗೂ ಒಳಗೊಳಗೆ ಎಲ್ಲೋ ಚುಚ್ಚಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಅದೂ ಅಲ್ಲದೆ ಇನ್ನೆರಡು ದಿನಕ್ಕೆ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಈಗ ಸಡಿಲು ಬಿಟ್ಟರೆ ತರಗತಿಯ ಶಿಸ್ತು ಕೆಟ್ಟೀತು ಎಂದು ನನ್ನ ಭಯ.

ತಪಾಸಣೆಗೆಂದು ಶಾಲೆಗೆ ಸುಣ್ಣ ಬಳಿಸಿದರು. ಹಿತ್ತಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಹಂಚು, ಮುರಿದ ಹಲಗೆಗಳನ್ನು ಸಾಹೇಬರ ಕಣ್ಣಿಗೆ ಬೀಳಬಾರದೆಂದು ಶಾಲೆಯ ಶಿಪಾಯಿ ತಂದು ಪಡಸಾಲೆಯ ಗೋಡೆಗೆ ಒರಗಿಸಿ ಮೇಲೆ ಜಮಖಾನೆ ಹೊದಿಸಿದ. ಹುಡುಗಿ ಕೂಡುತ್ತಿದ್ದದ್ದು ಅದರ ಪಕ್ಕದಲ್ಲೇ. ಇದು ಅವಳ ಒಂಬತ್ತನೆಯ ದಿನ.

ಸಾಹೇಬರು ಧಾರವಾಡದವರು, ರುಮಾಲು ಸುತ್ತಿದ ಮೆತ್ತನೆಯ ಮಾತಿನ ಮನುಷ್ಯ. ಓದಿಸಿದರು, ಮಗ್ಗಿ ಹೇಳಿಸಿದರು, ಒಂದು ಪದ್ಯ ಅನ್ನಿಸಿದರು. ಹುಡುಗಿಯರು ಕೈ ಕಟ್ಟಿಕೊಂಡು ಗೊಂಬೆಗಳ ಹಾಗೆ ಕೂತಿದ್ದರು. ದುರ್ಗದಬೈಲಿನ ಸಂತೆಯ ಗದ್ದಲ ಬಿಟ್ಟರೆ ಒಳಗೆ ಸೂಜಿ ಬಿದ್ದರೂ ಕೇಳುವಂತಿತ್ತು. ದೂರ ಕೂತಿರುವ ಹುಡುಗಿ ಯಾರೆಂದು ಸಾಹೇಬರು ಕೇಳಿದರು. ನಾನು ಇಡೀ ಕ್ರಮವನ್ನು ಬಿಡಿಸಿ ಹೇಳಿದೆ, ಅವಳು ಕೇಳುವಂತೆಯೇ. ಬಹಳ ಸಿಟ್ಟಿನ ಹುಡುಗಿಯಾಗಿದ್ದಳು, ಈಗ ನೋಡಿರಿ ಎಷ್ಟು ಶಾಂತವಾಗಿದ್ದಾಳೆ ಎಂದೆ. ಸಾಹೇಬರು ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ, ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದಳು. ಅಳುತ್ತಿದ್ದಾಳೆ ಎಂದು ನನಗೆ ಕಂಡಿತು. ಕೊನೆಗೂ ಮನಸ್ಸು ಕರಗಿತು ಎಂದುಕೊಂಡೆ. ಸಾಹೇಬರ ಎದುರಿಗೇ ಎದ್ದು ಬಂದು ತಪ್ಪಾಯಿತು ಎಂದರೆ ಎಷ್ಟು ಚೆನ್ನ ಎಂದೂ ಎಣಿಸಿದೆ. ದೇವರಾಣೆಗೂ ನಾನು ಹೀಗೆ ಎಣಿಸಿದೆ.

“ಛಡಿ ಇಲ್ಲದ ಇಂಥಾ ಶಿಸ್ತು ನಾ ಎಲ್ಲೂ ಕಂಡಿದ್ದಿಲ್ಲ. ಮುಂದಿನ ತಿಂಗಳ ಧಾರವಾಡದಾಗ ಶಿಕ್ಷಕರ ಸಭಾ ಅದ, ನೀವು ಬಂದು ಇದನ್ನ ನಾಲ್ಕು ಮಂದಿ ಮುಂದ ಹೇಳ್ರಿ,” ಎಂದರು ಸಾಹೇಬರು.

ಅವರು ಹೊಸ್ತಿಲು ದಾಟುತ್ತಿದ್ದಂತೆ ಹುಡುಗಿ ವಾಂತಿ ಮಾಡಿಕೊಂಡು ಪಕ್ಕಕ್ಕೆ ಉರುಳಿದಳು. ಓಡಿ ಹೋಗಿ ಹಿಡಿದೆ. ಮೈಯೆಲ್ಲ ಬೆವರಿ ತೊಪ್ಪೆಯಾಗಿತ್ತು, ಕೈಕಾಲು ತಣ್ಣಗೆ. ಎಡಗೈ ಬಾತಿತ್ತು. ತಟ್ಟು ಎತ್ತಿದರೆ ಕೆಳಗೆ ಕೆಂಪು ಚೇಳು. ಹಳೆಯ ಹಂಚಿನ ಸಂದಿಯಿಂದ ಬಂದಿತ್ತು. ಶಿಪಾಯಿ ಅದನ್ನು ಚಪ್ಪಲಿಯಿಂದ ಜಜ್ಜಿದ. ಯಾವಾಗ ಕಚ್ಚಿತು, ಯಾರಾದರೂ ನೋಡಿದಿರಾ ಎಂದು ಕಿರುಚಿದೆ. ಸಾಲಿನ ಕೊನೆಯಲ್ಲಿ, ಅವಳಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದ ಹುಡುಗಿ ಅಳುತ್ತ ಎದ್ದು ನಿಂತಳು.

“ಪದ್ಯಾ ಅನ್ನುವಾಗ ಕಡೀತ್ರಿ. ನಾ ನೋಡೇನ್ರಿ. ಆಕಿ ಸುದ್ದಿ ಮಾತಾಡಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ರಿ.”

ಪದ್ಯದ ಹೊತ್ತಿನಿಂದ ಅವಳು ಉರುಳುವವರೆಗೆ ಕಾಲು ತಾಸಿಗೆ ಕಡಿಮೆಯಿಲ್ಲ. ಚೇಳು ಕಡಿದರೆ ದೊಡ್ಡ ಗಂಡಸರು ನೆಲಕ್ಕೆ ಬಿದ್ದು ಹೊರಳುವುದನ್ನು ನಾನು ಕಂಡಿದ್ದೇನೆ.

ಟಾಂಗಾ ತರಿಸಿ ಸರ್ಕಾರಿ ದವಾಖಾನೆಗೆ ಒಯ್ದೆವು. ದೊಡ್ಡ ಅಕ್ಕಾರು ದುರ್ಗದಬೈಲಿನಲ್ಲಿ ಚೇಳಿನ ವಿಷ ಇಳಿಸುವ ಮುದುಕನನ್ನೂ ಕರೆತಂದರು. ಡಾಕ್ಟರರು ಇಂಜೆಕ್ಷನ್ ಕೊಟ್ಟು ನಾಡಿ ಹಿಡಿದು ಕೂತರು, ಮುದುಕ ಬಾಗಿಲ ಹೊರಗೆ ಮಂತ್ರ ಹೇಳುತ್ತ ಕೂತ. ಯಾವುದಕ್ಕೂ ನಾನು ಬೇಡ ಎನ್ನಲಿಲ್ಲ. ಎದೆಬಡಿತ ಸರಿಯಿಲ್ಲ, ಚಿಕ್ಕ ಮಗು, ಸಂಜೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರರು. ನಾನು ಮಂಚದ ಕಾಲ ಹತ್ತಿರ ನಿಂತೇ ಇದ್ದೆ. ಕೂಡಲು ಧೈರ್ಯವಾಗಲಿಲ್ಲ.

ತಾಯಿ ಸೀರೆಗೆ ಹತ್ತಿದ ಅರಳೆಯೊಂದಿಗೇ ಓಡಿ ಬಂದಳು. ಮಗಳ ಮುಖದ ಮೇಲೆ ಬಾಗಿ ಹೆಸರು ಹಿಡಿದು ಕರೆದಳು. ಹುಡುಗಿ ಕಣ್ಣು ಬಿಟ್ಟಳು. ತಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮಾತಾಡಲೇ ಎಂದು ಕೇಳುವ ನೋಟ ಅದು. ನಾನು ಹೂಂ ಎಂದು ತಲೆ ಆಡಿಸಿದೆ. ಆಮೇಲೆ ಅವಳು “ಅವ್ವಾ” ಎಂದಳು.

ನನ್ನ ಜೀವಮಾನದಲ್ಲಿ ನಾನು ಇಷ್ಟು ನಾಚಿದ್ದಿಲ್ಲ. ತಾಯಿಯನ್ನು ಅವ್ವಾ ಎಂದು ಕರೆಯಲು ಒಂದು ಮಗು ನನ್ನ ಅಪ್ಪಣೆ ಕೇಳಿತು, ನಾನು ಕೊಟ್ಟೆ.

ಹೊತ್ತು ಮುಳುಗುವ ಮೊದಲು ನಾಡಿ ಸುಧಾರಿಸಿತು. ತಾಯಿ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. ಟಾಂಗಾ ತರಿಸಿದಿರಿ, ನಿಂತು ನೋಡಿಕೊಂಡಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಳು. ಆ ಓಣಿಯಲ್ಲಿ ನನ್ನ ಹೆಸರು ಒಳ್ಳೆಯ ಅಕ್ಕಾರು, ಹೊಡೆಯದ ಅಕ್ಕಾರು ಎಂದೇ ಇತ್ತಂತೆ. ಚೇಳು ಕಡಿದಾಗ ಶಾಲೆಯಲ್ಲಿ ನಡೆದದ್ದು ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡ ಅಕ್ಕಾರು ದೂರದಿಂದ ಕಣ್ಸನ್ನೆ ಮಾಡುತ್ತಲೂ ಇದ್ದರು, ಈಗ ಏನೂ ಬೇಡ ಎಂದು. ಆದರೆ ಆ ನೋಟ ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಚೇಳು ಕಡಿದು ಕಾಲು ತಾಸು ನಿಮ್ಮ ಮಗಳು ಬಾಯಿ ಬಿಡಲಿಲ್ಲ, ನೋಡಿದ ಹುಡುಗಿಯೂ ಬಾಯಿ ಬಿಡಲಿಲ್ಲ, ಇಬ್ಬರ ಬಾಯಿಯನ್ನೂ ಕಟ್ಟಿದವಳು ನಾನು ಎಂದು ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಕೈ ಬಿಟ್ಟು ಸೆರಗಿನ ಅರಳೆಯನ್ನು ಒಂದೊಂದೇ ಎಳೆ ಕೀಳತೊಡಗಿದಳು.

“ನೀವು ಹೇಳಿದ್ರಿ ಅಂತ ನಾವೂ ಮಾತು ಬಿಟ್ಟಿದ್ವಿರಿ,” ಎಂದಳು. “ರಾತ್ರಿ ಬಂದು ನನ್ನ ಮಗ್ಗಲಾಗ ಮಲಗತಿತ್ತು. ನಾ ಆ ಕಡೆ ತಿರಗಿ ಮಲಗತಿದ್ದೆ. ಕಲ್ತವರು ಹೇಳ್ಯಾರ, ಮಗಳ ಛಲೋದಕ್ಕ ಇರಬೇಕು ಅಂತ.”



ಹನ್ನೆರಡು ದಿನದ ಮೇಲೆ ಹುಡುಗಿ ಶಾಲೆಗೆ ಬಂದಳು. ಅಷ್ಟರೊಳಗೆ ನಾನು ಕರಿಹಲಗೆಯ ಮೂಲೆಯ ಹೆಸರನ್ನು ಅಳಿಸಿದ್ದೆ, ಅಹಿಂಸೆಯ ಶಿಕ್ಷೆ ಮುಗಿಯಿತು ಎಂದು ತರಗತಿಗೆ ಹೇಳಿದ್ದೆ. ಅವಳು ಬಂದ ದಿನ ಅವಳ ತಟ್ಟನ್ನು ನಾನೇ ಮುಂದಿನ ಸಾಲಿನಲ್ಲಿ ಹಾಸಿದೆ. ಆಮೇಲೆ ಎಲ್ಲರೆದುರು ನಿಂತು, ಅವಳ ಕಡೆ ನೋಡಿ, “ನನ್ನದು ತಪ್ಪಾಯಿತು” ಎಂದೆ. ಎರಡು ತಿಂಗಳ ರೂಢಿ ನೋಡಿ, ಇಡೀ ತರಗತಿ ಥಟ್ಟನೆ ಒಂದೇ ದನಿಯಲ್ಲಿ “ಬರ್ರಿ ಅಕ್ಕಾರ” ಎಂದಿತು. ಯಾರೋ ಕಿಸಕ್ಕನೆ ನಕ್ಕರು. ನಾನು ಕಲಿಸಿದ ಕ್ಷಮೆ ಎಷ್ಟು ಬೆಲೆಯದು ಎಂದು ಆಗ ನನಗೆ ತಿಳಿಯಿತು. ಆ ಹುಡುಗಿ ಒಬ್ಬಳು ಮಾತ್ರ ಏನೂ ಅನ್ನಲಿಲ್ಲ. ಪಾಟಿ ತೆಗೆದು ಒರೆಸಿಕೊಂಡು ಕೂತಳು.

ಆ ಮೇಲೆ ನಾನು ಜಗಳಗಳನ್ನು ಬೇರೆ ರೀತಿ ನೋಡತೊಡಗಿದೆ. ಒಬ್ಬೊಬ್ಬಳನ್ನೇ ಬಾವಿಯ ಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ಕೂಡಿಸಿ, ಏನಾಯಿತು ಎಂದು ಕೇಳುವುದು. ಹೇಳಿ ಮುಗಿಯುವವರೆಗೆ ನಡುವೆ ಬಾಯಿ ಹಾಕದಿರುವುದು. ಆಮೇಲೆ ಇನ್ನೊಬ್ಬಳು. ಒಂದೊಂದು ಜಗಳಕ್ಕೆ ಅರ್ಧ ಪಾಠ ಹೋಗುತ್ತಿತ್ತು. ತರಗತಿ ಮತ್ತೆ ಗದ್ದಲದ್ದಾಯಿತು. ಬೇರೆ ಅಕ್ಕಾರುಗಳು ನೋಡಲು ಬರುವುದನ್ನು ಬಿಟ್ಟರು.

ಧಾರವಾಡದ ಸಭೆಗೆ ಹೋಗದಿರಲು ಆಗಲಿಲ್ಲ. ಹೋಗಿ, ಈ ಕ್ರಮ ಯಾಕೆ ಕೂಡದು ಎಂದು ಹೇಳಿದೆ. ಚೇಳಿನ ಸಂಗತಿಯನ್ನೂ ಹೇಳಿದೆ. ಆದರೆ ಮುಂದಿನ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ಅವರು ನನ್ನನ್ನು ಹೊಗಳುತ್ತಿದ್ದಾಗಲೇ ಆ ಮಗು ಚೇಳಿನ ನೋವು ನುಂಗಿಕೊಂಡು ಕೂತಿತ್ತು ಎಂಬುದನ್ನು ಬಿಟ್ಟುಬಿಟ್ಟೆ. ಅವಳ ತಾಯಿಗೆ ಹೇಳಿದ ತಾಟಿನ ಮಾತನ್ನೂ ಬಿಟ್ಟೆ. ಸಭೆ ಮುಗಿದ ಮೇಲೆ ಒಬ್ಬ ಮುದಿ ಮಾಸ್ತರರು ಹತ್ತಿರ ಬಂದು, ಅದಕ್ಕೇ ಛಡಿಯೇ ಒಳ್ಳೆಯದು ನೋಡಿರಿ, ಹೊಡೆದರೆ ಮಕ್ಕಳು ಕೂಗಾದರೂ ಕೂಗುತ್ತವೆ ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ತಿಳಿಯಲಿಲ್ಲ. 

ಹುಡುಗಿ ನಿಧಾನಕ್ಕೆ ಗೆಳತಿಯರ ಜೊತೆ ಮಾತಾಡತೊಡಗಿದಳು. ಅರಳೆ ವ್ಯಾಪಾರಿಯ ಮಗಳ ಜೊತೆಯೂ. ಒಂದು ದಿನ ಅವರಿಬ್ಬರೂ ಮತ್ತೆ ಕಿತ್ತಾಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನನ್ನ ಜೊತೆ ಅವಳು ಕೇಳಿದ್ದಕ್ಕೆ ಹೌದು, ಇಲ್ಲ ಇಷ್ಟೇ. ಲೆಕ್ಕದ ಉತ್ತರವನ್ನು ಪಾಟಿಯ ಮೇಲೆ ಬರೆದೇ ತೋರಿಸುತ್ತಿದ್ದಳು. ಬಾಯಿಂದ ಹೇಳು ಎಂದು ನಾನು ಒತ್ತಾಯ ಮಾಡಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಪರೀಕ್ಷೆಯ ಫಲ ಹೇಳಿದೆವು. ಅವಳು ಲೆಕ್ಕದಲ್ಲಿ ಎಲ್ಲರಿಗಿಂತ ಮೇಲು. ನಾಲ್ಕನೆಯ ಇಯತ್ತೆಗೆ ಬೇರೆ ಅಕ್ಕಾರು. ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ತಿರುಗಿ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕಾರ, ನಾ ಆಕೀಗೆ ಹೊಡದದ್ದು ಖರೇರಿ,” ಎಂದಳು. “ಆದ್ರ ಯಾಕ ಹೊಡದಿ ಅಂತ ನೀವು ಕೇಳಲೇ ಇಲ್ರಿ.”

ನಾನು ಎದ್ದು ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಇಷ್ಟು ದಿನ ಎಲ್ಲ ಹುಡುಗಿಯರನ್ನೂ ಬಾವಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದವಳು, ಇವಳನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ ನನ್ನ ತಪ್ಪಿನ ಅಳತೆ ಗೊತ್ತಾದೀತೆಂಬ ಭಯ.

“ಈಗ ಕೇಳ್ತೇನವಾ. ಯಾಕ ಹೊಡದಿ, ಹೇಳು.”

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ.

“ಈಗ ನೆನಪಿಲ್ರಿ ಅಕ್ಕಾರ,” ಎಂದಳು.

ಒಂಬತ್ತು ದಿನ ಗೋಡೆಯ ಬುಡದಲ್ಲಿ ಕೂತರೂ ಬಿಟ್ಟುಕೊಡದ ಮಾತನ್ನು ಮರೆಯುವ ಹುಡುಗಿ ಅವಳಲ್ಲ. ಪಾಟಿಯನ್ನು ಬಗಲಲ್ಲಿ ಇಟ್ಟುಕೊಂಡು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಮೆಟ್ಟಿಲು ಇಳಿದು ಹೋದಳು. ನಾನು ಇನ್ನೊಂದು ಸಲ ಕೇಳಲಿಲ್ಲ.